ಪಿಕಪ್ ವಾಹನದ ಟೈಮಿಂಗ್ ಚೈನು: ಬದಲಿಸುವ ಕಾಲ ಮತ್ತು ಕ್ರಮ

ತರಕಾರಿ, ಹೂವು, ಹಾಲು, ಮೊಟ್ಟೆ ಮುಂತಾದ ಬೇಗ ಕೆಡುವ ಪದಾರ್ಥಗಳನ್ನು ಪೇಟೆಗೆ ಸಾಗಿಸಲು ಇಂದು ಅನೇಕ ರೈತರು ಸ್ವಂತ ಪಿಕಪ್ ವಾಹನವನ್ನು ಇಟ್ಟುಕೊಂಡಿದ್ದಾರೆ. ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ಹೊತ್ತು ಹೊರಟ ವಾಹನ ದಾರಿಯಲ್ಲಿ ಕೆಟ್ಟು ನಿಂತರೆ ಅಂದಿನ ಹರಾಜು ತಪ್ಪುತ್ತದೆ. ಮರುದಿನಕ್ಕೆ ಹಣ್ಣು ಮೆತ್ತಗಾಗುತ್ತದೆ. ರಿಪೇರಿಯ ಖರ್ಚಿನ ಜೊತೆಗೆ ಬೆಳೆಯ ನಷ್ಟವೂ ಸೇರಿಕೊಳ್ಳುತ್ತದೆ.

ಟ್ರ್ಯಾಕ್ಟರನ್ನು ಚೆನ್ನಾಗಿ ಬಲ್ಲ ರೈತರಿಗೂ ಪಿಕಪ್ಪಿನ ಎಂಜಿನಿನ ಒಂದು ಭಾಗದ ಪರಿಚಯ ಕಡಿಮೆ. ಅದೇ ಟೈಮಿಂಗ್ ಚೈನು. ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಈ ಕೆಲಸವನ್ನು ಒಂದಕ್ಕೊಂದು ಕಚ್ಚಿಕೊಂಡಿರುವ ಹಲ್ಲುಚಕ್ರಗಳು ಮಾಡುತ್ತವೆ. ಅವು ಬಹುಕಾಲ ತಂಟೆ ಕೊಡುವುದಿಲ್ಲ. ಪಿಕಪ್ ವಾಹನಗಳಲ್ಲಿ ಕೆಲವಕ್ಕೆ ಹಲ್ಲುಚಕ್ರ, ಕೆಲವಕ್ಕೆ ರಬ್ಬರಿನ ಬೆಲ್ಟು, ಕೆಲವಕ್ಕೆ ಉಕ್ಕಿನ ಚೈನು ಇರುತ್ತದೆ. ತಮ್ಮ ವಾಹನದಲ್ಲಿ ಯಾವುದಿದೆ ಎಂಬುದನ್ನು ರೈತರು ಕೈಪಿಡಿಯಿಂದಾಗಲಿ ಮಾರಾಟಗಾರರಿಂದಾಗಲಿ ಮೊದಲು ತಿಳಿದುಕೊಳ್ಳಬೇಕು. ಬೆಲ್ಟಾದರೆ ಇಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬ ನಿಯಮವಿರುತ್ತದೆ. ಚೈನಿಗೆ ಹೆಚ್ಚಾಗಿ ಅಂತಹ ಗಡುವು ಇರುವುದಿಲ್ಲ. ಅದು ಸವೆದಂತೆ ಸದ್ದಿನ ಮೂಲಕ ಮುನ್ಸೂಚನೆ ಕೊಡುತ್ತದೆ. ಆ ಸೂಚನೆಯನ್ನು ಗುರುತಿಸುವುದು ಮತ್ತು ಬದಲಿಸುವ ಕೆಲಸ ಸರಿಯಾಗಿ ನಡೆಯಿತೇ ಎಂದು ನೋಡಿಕೊಳ್ಳುವುದು ವಾಹನದ ಒಡೆಯನ ಕೈಯಲ್ಲಿದೆ.

ಟೈಮಿಂಗ್ ಚೈನಿನ ಕೆಲಸ

ಎಂಜಿನಿನ ಕೆಳಭಾಗದಲ್ಲಿರುವ ಕ್ರ್ಯಾಂಕ್ ಶಾಫ್ಟನ್ನು ಪಿಸ್ಟನ್ನುಗಳು ತಿರುಗಿಸುತ್ತವೆ. ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟು ಚೈನಿರುವ ಎಂಜಿನುಗಳಲ್ಲಿ ಬಹುಮಟ್ಟಿಗೆ ಮೇಲೆ, ಹೆಡ್ಡಿನಲ್ಲಿರುತ್ತದೆ. ಇವೆರಡನ್ನೂ ಕೂಡಿಸುವುದೇ ಟೈಮಿಂಗ್ ಚೈನು. ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ಕ್ಯಾಮು ಒಂದೇ ಸುತ್ತು ತಿರುಗಬೇಕು. ಆದುದರಿಂದ ಕ್ಯಾಮಿನ ಹಲ್ಲುಚಕ್ರಕ್ಕೆ ಕ್ರ್ಯಾಂಕಿನ ಚಕ್ರದ ಎರಡರಷ್ಟು ಹಲ್ಲುಗಳಿರುತ್ತವೆ.

ಎಂಜಿನು ನಿಮಿಷಕ್ಕೆ 3000 ಸುತ್ತು ಓಡುತ್ತಿದ್ದರೆ ಕ್ರ್ಯಾಂಕು ಸೆಕೆಂಡಿಗೆ 50 ಸಲ ತಿರುಗುತ್ತದೆ; ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವು ತನ್ನ ಜಾಗಕ್ಕೆ ಹಿಂದಿರುಗಿರಬೇಕು. ಜೋಡಿ ಎತ್ತುಗಳಲ್ಲಿ ಒಂದು ಹೆಜ್ಜೆ ತಪ್ಪಿದರೆ ನೇಗಿಲು ಸಾಲು ಬಿಡುವಂತೆ, ಇಲ್ಲಿ ಹೊಂದಾಣಿಕೆ ತಪ್ಪಿದರೆ ಎಂಜಿನಿನ ಶಕ್ತಿ ಕುಂದುತ್ತದೆ. ಚೈನು ಪೂರ್ತಿ ಕಡಿದರೆ ಅನೇಕ ಎಂಜಿನುಗಳಲ್ಲಿ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿದು ವಾಲ್ವು ಬಾಗುತ್ತದೆ. ಆಗ ಚೈನಿನ ಕೆಲಸವಷ್ಟೇ ಸಾಲದು. ಹೆಡ್ಡನ್ನೇ ಬಿಚ್ಚಬೇಕಾಗುತ್ತದೆ, ಕೆಲವೊಮ್ಮೆ ಪಿಸ್ಟನ್ನುಗಳನ್ನೂ ಬದಲಿಸಬೇಕಾಗುತ್ತದೆ.

ಚೈನಿನ ಜೊತೆಗೆ ಇನ್ನೂ ಎರಡು ಭಾಗಗಳಿರುತ್ತವೆ. ಚೈನು ಅತ್ತಿತ್ತ ಬಡಿಯದಂತೆ ಹಿಡಿದಿಡುವ ಪಟ್ಟಿಗಳಿಗೆ ಗೈಡುಗಳೆನ್ನುತ್ತಾರೆ. ಸಡಿಲವಾದ ಬದಿಯನ್ನು ಒತ್ತಿ ಬಿಗಿಯಾಗಿಡುವ ಸಾಧನಕ್ಕೆ ಟೆನ್ಷನರ್ ಎಂದು ಹೆಸರು. ಬಹಳಷ್ಟು ಎಂಜಿನುಗಳಲ್ಲಿ ಟೆನ್ಷನರ್ ಎಂಜಿನ್ ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುತ್ತದೆ.

ಚೈನು ಉದ್ದವಾಗಲು ಕಾರಣ

ಚೈನು 'ಎಳೆದುಕೊಂಡಿದೆ' ಎಂದು ಗ್ಯಾರೇಜುಗಳಲ್ಲಿ ಹೇಳುವುದುಂಟು. ವಾಸ್ತವವಾಗಿ ಉಕ್ಕಿನ ಪಟ್ಟಿಗಳು ರಬ್ಬರಿನಂತೆ ಹಿಗ್ಗುವುದಿಲ್ಲ. ಕೊಂಡಿಗಳನ್ನು ಕೂಡಿಸುವ ಪಿನ್ನುಗಳು ಮತ್ತು ಅವುಗಳ ರಂಧ್ರಗಳು ಸವೆಯುತ್ತವೆ. ಒಂದೊಂದು ಕೊಂಡಿಯ ಸವೆತ ಕೂದಲೆಳೆಯಷ್ಟೂ ಇರುವುದಿಲ್ಲ; ಆದರೆ ನೂರಾರು ಪಿನ್ನುಗಳ ಸವೆತ ಕೂಡಿಕೊಂಡು ಇಡೀ ಚೈನು ಉದ್ದವಾಗುತ್ತದೆ. ಸೈಕಲ್ಲಿನ ಹಳೆಯ ಚೈನು ಜೋಲುವುದೂ ಇದೇ ಕಾರಣಕ್ಕೆ.

ಸವೆತಕ್ಕೆ ಮುಖ್ಯ ಕಾರಣ ಕೊಳೆಯಾದ ಅಥವಾ ಕಡಿಮೆಯಾದ ಆಯಿಲು. ಮಸಿ ಮತ್ತು ಲೋಹದ ಪುಡಿ ಬೆರೆತ ಆಯಿಲು ಪಿನ್ನುಗಳ ನಡುವೆ ಸಾಣೆಯಂತೆ ಕೆಲಸ ಮಾಡುತ್ತದೆ. ಆಯಿಲಿನ ಮಟ್ಟ ತೀರಾ ಇಳಿದರೆ ಟೆನ್ಷನರಿಗೆ ತಕ್ಕಷ್ಟು ಒತ್ತಡ ಸಿಗದೆ ಚೈನು ಸಡಿಲವಾಗಿ ಗೈಡುಗಳನ್ನು ಬಡಿಯುತ್ತದೆ. ಮಿತಿಮೀರಿದ ಹೇರು, ಧೂಳಿನ ದಾರಿ ಮತ್ತು ಎಂಜಿನು ಕಾಯುವ ಮುನ್ನವೇ ನಿಲ್ಲಿಸುವ ಸಣ್ಣ ಸಣ್ಣ ಓಡಾಟ ಇವು ಆಯಿಲನ್ನು ಬೇಗ ಕೆಡಿಸುತ್ತವೆ. ಹೊಲದ ವಾಹನಕ್ಕೆ ಈ ಮೂರೂ ಸಾಮಾನ್ಯ.

ಮುನ್ಸೂಚನೆಗಳು

1. ರಾತ್ರಿಯೆಲ್ಲ ನಿಂತ ವಾಹನವನ್ನು ಬೆಳಿಗ್ಗೆ ಚಾಲೂ ಮಾಡಿದೊಡನೆ ಎಂಜಿನಿನ ಮುಂಭಾಗದಿಂದ ಚೈನು ಬಡಿಯುವ ಗಲಗಲ ಸದ್ದು ಕೆಲವು ಸೆಕೆಂಡು ಕೇಳಿಬಂದು, ಆಯಿಲಿನ ಒತ್ತಡ ಏರಿದ ಮೇಲೆ ನಿಲ್ಲುತ್ತದೆ. ಇದು ಮೊದಲನೆಯ ಸೂಚನೆ.

2. ದಿನ ಕಳೆದಂತೆ ಸದ್ದು ಹೆಚ್ಚು ಹೊತ್ತು ಉಳಿಯುತ್ತದೆ. ಎಂಜಿನು ಕಾದ ಮೇಲೂ ನಿಧಾನಗತಿಯಲ್ಲಿ ಕೇಳಿಸುತ್ತದೆ.

3. ಎಳೆಯುವ ಶಕ್ತಿ ಕಡಿಮೆಯಾಗುತ್ತದೆ, ಇಂಧನ ಹೆಚ್ಚು ಖರ್ಚಾಗುತ್ತದೆ, ಚಾಲೂ ಆಗಲು ತಡವಾಗುತ್ತದೆ.

4. ಹೊಸ ವಾಹನಗಳಲ್ಲಿ ಎಂಜಿನಿನ ಎಚ್ಚರಿಕೆ ದೀಪ ಹತ್ತಿಕೊಳ್ಳಬಹುದು. ಕ್ರ್ಯಾಂಕು ಮತ್ತು ಕ್ಯಾಮಿನ ಸ್ಥಾನ ಒಂದಕ್ಕೊಂದು ಹೊಂದುತ್ತಿಲ್ಲವೆಂಬ ಸಂಕೇತವನ್ನು ಗ್ಯಾರೇಜಿನ ಸ್ಕ್ಯಾನರ್ ತೋರಿಸುತ್ತದೆ.

5. ಆಯಿಲ್ ಬದಲಿಸುವಾಗ ಪ್ಲಾಸ್ಟಿಕ್ಕಿನ ಚೂರುಗಳು ಸಿಕ್ಕಿದರೆ ಗೈಡು ಒಡೆದಿದೆಯೆಂದೇ ಸಂಶಯಪಡಬೇಕು.

ಕೊನೆಯ ಲಕ್ಷಣ ಕಂಡ ಮೇಲೆ ಇನ್ನೊಂದು ಹೇರು ಮುಟ್ಟಿಸಿ ಬರೋಣವೆಂದು ಹೊರಡುವುದು ಅಪಾಯ.

ಒಂದು ಪಾಠ ಹೇಳುವ ಎಂಜಿನು

ಗೈಡಿನಂತಹ ಸಣ್ಣ ಪಟ್ಟಿಯಿಂದ ಎಷ್ಟು ದೊಡ್ಡ ಹಾನಿಯಾಗಬಹುದೆಂಬುದಕ್ಕೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಟೊಯೊಟಾ ಪಿಕಪ್ಪುಗಳ 22ಆರ್ ಎಂಬ ಎಂಜಿನು ಒಳ್ಳೆಯ ಉದಾಹರಣೆ. 2366 ಘನ ಸೆಂಟಿಮೀಟರ್ ಗಾತ್ರದ, ನಾಲ್ಕು ಸಿಲಿಂಡರಿನ ಈ ಪೆಟ್ರೋಲ್ ಎಂಜಿನು ಮತ್ತು ಅದರ 22ಆರ್‌ಇ ಎಂಬ ರೂಪ 1980ರ ದಶಕದ ಆರಂಭದಿಂದ 1990ರ ದಶಕದ ಮಧ್ಯದವರೆಗೆ ಅಲ್ಲಿಯ ಪಿಕಪ್ಪುಗಳಲ್ಲಿ ಬಳಕೆಯಲ್ಲಿದ್ದವು. ನಮ್ಮಲ್ಲಿ 2022ರಲ್ಲಿ ಮಾರಾಟಕ್ಕೆ ಬಂದ ಹೈಲಕ್ಸ್ ವಾಹನದ ಡೀಸೆಲ್ ಎಂಜಿನು ಬೇರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

22ಆರ್ ಎಂಜಿನು ಗಟ್ಟಿತನಕ್ಕೆ ಹೆಸರಾದುದು. ಮೊದಲು ಇದಕ್ಕೆ ಎರಡು ಸಾಲಿನ ಚೈನಿತ್ತು. ಅನಂತರ ಒಂದೇ ಸಾಲಿನ ಚೈನು ಮತ್ತು ಪ್ಲಾಸ್ಟಿಕ್ ಗೈಡುಗಳು ಬಂದವು. ಕಾಲಕ್ರಮೇಣ ಪ್ಲಾಸ್ಟಿಕ್ಕು ಬಿರುಸಾಗಿ ಒಡೆಯುತ್ತದೆ. ಆಸರೆ ತಪ್ಪಿದ ಚೈನು ಅಲ್ಯೂಮಿನಿಯಂ ಕವರಿನ ಒಳಗೋಡೆಗೆ ಉಜ್ಜುತ್ತದೆ. ಆ ಗೋಡೆಯ ಆಚೆ ರೇಡಿಯೇಟರಿನ ನೀರು ಹರಿಯುವ ದಾರಿಯಿದೆ. ಗೋಡೆ ತೂತಾದ ದಿನ ನೀರು ಆಯಿಲಿಗೆ ಇಳಿದು, ಅದನ್ನು ಮಜ್ಜಿಗೆಯ ಬಣ್ಣಕ್ಕೆ ತಿರುಗಿಸುತ್ತದೆ, ಬೇರಿಂಗುಗಳು ಹಾಳಾಗುತ್ತವೆ. ಚೈನು ಇನ್ನೂ ಕಡಿದಿರುವುದಿಲ್ಲ, ವಾಹನ ಓಡುತ್ತಲೇ ಇರುತ್ತದೆ. ಆದರೆ ಎಂಜಿನು ಒಳಗೊಳಗೇ ಕೆಡುತ್ತಿರುತ್ತದೆ. ಇದನ್ನು ತಿಳಿದವರು ಈಗ ಉಕ್ಕಿನ ಬೆನ್ನಿರುವ ಗೈಡುಗಳನ್ನು ಹಾಕಿಸುತ್ತಾರೆ. ಚೈನು ಮಾತ್ರ ನೋಡಿದರೆ ಸಾಲದು, ಗೈಡು, ಟೆನ್ಷನರ್ ಮತ್ತು ಕವರಿನ ಒಳಮೈಯನ್ನೂ ನೋಡಬೇಕೆಂಬ ಪಾಠ ಎಲ್ಲ ಎಂಜಿನುಗಳಿಗೂ ಅನ್ವಯಿಸುತ್ತದೆ.

ಬದಲಿಸುವ ಮುನ್ನ

ಈ ಕೆಲಸ ಪಂಕ್ಚರ್ ಹಾಕಿದಷ್ಟು ಸುಲಭವಲ್ಲ. ಅನುಭವಿ ಮೆಕ್ಯಾನಿಕ್ಕಿನಿಂದ ಮಾಡಿಸುವುದೇ ಲೇಸು. ಆದರೂ ಕ್ರಮವನ್ನು ತಿಳಿದಿದ್ದರೆ ಎದುರಿಗೆ ನಿಂತು ನೋಡಿಕೊಳ್ಳಬಹುದು. ಕೆಲವು ಎಂಜಿನುಗಳಿಗೆ ಹಲ್ಲುಚಕ್ರದ ಮೇಲೆ ಗುರುತುಗಳೇ ಇರುವುದಿಲ್ಲ. ಕ್ಯಾಮನ್ನು ಹಿಡಿದು ನಿಲ್ಲಿಸುವ ವಿಶೇಷ ಸಾಧನ ಬೇಕಾಗುತ್ತದೆ. ಅದು ಗ್ಯಾರೇಜಿನಲ್ಲಿದೆಯೇ ಎಂದು ಮೊದಲೇ ಕೇಳಬೇಕು.

ಬಿಡಿಭಾಗಗಳನ್ನು ಸೆಟ್ಟಾಗಿಯೇ ಕೊಳ್ಳಬೇಕು. ಚೈನು, ಹಲ್ಲುಚಕ್ರಗಳು, ಗೈಡುಗಳು, ಟೆನ್ಷನರ್, ಮುಂಭಾಗದ ಆಯಿಲ್ ಸೀಲ್, ಪ್ಯಾಕಿಂಗುಗಳು ಇವಿಷ್ಟೂ ಬೇಕು. ಹಳೆಯ ಹಲ್ಲುಚಕ್ರಕ್ಕೆ ಹೊಸ ಚೈನು ಹಾಕಿದರೆ ಸವೆದ ಹಲ್ಲು ಹೊಸ ಚೈನನ್ನೂ ಬೇಗ ಸವೆಸುತ್ತದೆ. ನೀರಿನ ಪಂಪು ಹಳೆಯದಾಗಿ ಸೋರುತ್ತಿದ್ದರೆ ಇದೇ ಸಮಯದಲ್ಲಿ ಬದಲಿಸಿದರೆ ಎರಡನೆಯ ಸಲದ ಕೂಲಿ ಉಳಿಯುತ್ತದೆ.

ಬದಲಿಸುವ ಕ್ರಮ

1. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಎಂಜಿನು ಪೂರ್ತಿ ತಣ್ಣಗಾಗಲು ಬಿಡಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಬೇಕು. ಬರೀ ಜಾಕಿಯ ಮೇಲೆ ನಿಂತ ವಾಹನದ ಕೆಳಗೆ ಯಾರೂ ನುಸುಳಬಾರದು. ಗಟ್ಟಿಯಾದ ಸ್ಟ್ಯಾಂಡು ಕೊಡಲೇಬೇಕು.

2. ರೇಡಿಯೇಟರಿನ ನೀರನ್ನೂ ಆಯಿಲನ್ನೂ ಬೇರೆಬೇರೆ ಪಾತ್ರೆಗೆ ಇಳಿಸಬೇಕು. ಆಯಿಲು ಮಜ್ಜಿಗೆಯ ಬಣ್ಣಕ್ಕೆ ತಿರುಗಿದೆಯೇ, ಅದರಲ್ಲಿ ಚೂರುಗಳಿವೆಯೇ ಎಂದು ಪರೀಕ್ಷಿಸಬೇಕು.

3. ಫ್ಯಾನು, ಬೆಲ್ಟುಗಳು, ಅಡ್ಡ ಬರುವುದಾದರೆ ರೇಡಿಯೇಟರು, ಅನಂತರ ಮೇಲಿನ ಟ್ಯಾಪೆಟ್ ಕವರನ್ನು ಬಿಚ್ಚಬೇಕು. ಪ್ರತಿ ಹಂತದಲ್ಲೂ ಮೊಬೈಲಿನಿಂದ ಒಂದು ಚಿತ್ರ ತೆಗೆದಿಟ್ಟರೆ ಜೋಡಿಸುವಾಗ ಗೊಂದಲವಿರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬಿಚ್ಚಿದ ಬೋಲ್ಟುಗಳನ್ನು ಅವುಗಳ ಜಾಗದಲ್ಲೇ ಚುಚ್ಚಿಡಬೇಕು. ಇವು ಒಂದೇ ಉದ್ದದವಲ್ಲ; ಉದ್ದನೆಯ ಬೋಲ್ಟನ್ನು ಗಿಡ್ಡನೆಯದರ ಜಾಗಕ್ಕೆ ಬಿಗಿದರೆ ಎರಕ ಒಡೆಯುತ್ತದೆ.

4. ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಬಹಳ ಬಿಗಿಯಾಗಿರುತ್ತದೆ. ಪುಲ್ಲಿಯನ್ನು ಹಿಡಿಯುವ ಸಾಧನದಿಂದ ಅಥವಾ ಗೇರು ಹಾಕಿ ಬ್ರೇಕು ಒತ್ತಿ ಅದನ್ನು ಮೊದಲು ಸಡಿಲಿಸಿಕೊಳ್ಳಬೇಕು. ಪಾನಾವನ್ನು ಸಿಕ್ಕಿಸಿ ಸ್ಟಾರ್ಟರ್ ಒತ್ತುವ ರೂಢಿ ಕೆಲವೆಡೆ ಇದೆ. ಪಾನಾ ಸಿಡಿದು ಕೈಕಾಲು ಮುರಿಯುವ ಸಂಭವವಿರುವುದರಿಂದ ಇದಕ್ಕೆ ಆಸ್ಪದ ಕೊಡಬಾರದು.

5. ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ, ಎಂಜಿನು ಓಡುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿ 1ನೇ ಸಿಲಿಂಡರಿನ ಪಿಸ್ಟನ್ನನ್ನು ಒತ್ತಡದ ಹೊಡೆತದ ಮೇಲ್ತುದಿಗೆ ತರಬೇಕು. ಆಗ ಆ ಸಿಲಿಂಡರಿನ ಎಲ್ಲ ವಾಲ್ವುಗಳೂ ಮುಚ್ಚಿರುತ್ತವೆ. ಕ್ರ್ಯಾಂಕು ಮತ್ತು ಕ್ಯಾಮಿನ ಗುರುತುಗಳು ತಮ್ಮ ಜಾಗದಲ್ಲಿರುತ್ತವೆ. ಕೈಪಿಡಿ ಬೇರೆ ಸ್ಥಾನ ಹೇಳಿದ್ದರೆ ಅದನ್ನೇ ಅನುಸರಿಸಬೇಕು.

6. ಪುಲ್ಲಿಯನ್ನು ಪುಲ್ಲರಿನಿಂದಲೇ ಎಳೆಯಬೇಕು, ಸುತ್ತಿಗೆಯಿಂದ ಹೊಡೆಯಬಾರದು. ಅನಂತರ ಮುಂಭಾಗದ ಕವರನ್ನು ಬಿಚ್ಚಬೇಕು. ಕೆಲವು ಎಂಜಿನುಗಳಲ್ಲಿ ಕವರಿನ ಕೆಳಗಿನ ಬೋಲ್ಟುಗಳು ಆಯಿಲ್ ಚೇಂಬರಿನಿಂದ ಬರುತ್ತವೆ. ಮೇಲೆ ಹೇಳಿದ 22ಆರ್ ಎಂಜಿನಿನಲ್ಲಿ ಹೆಡ್ಡಿನ ಮುಂಭಾಗದಲ್ಲಿ ಆಯಿಲು ನಿಲ್ಲುವ ಗುಂಡಿಯೊಳಗೆ ಒಂದು ಬೋಲ್ಟು ಅಡಗಿರುತ್ತದೆ. ಕವರು ಅಲುಗದಿದ್ದರೆ ಮೀಟಿ ಒಡೆಯುವ ಬದಲು ಉಳಿದ ಬೋಲ್ಟನ್ನು ಹುಡುಕಬೇಕು.

7. ಟೆನ್ಷನರನ್ನು ಒತ್ತಿ ಪಿನ್ನಿನಿಂದ ತಡೆದು, ಗೈಡುಗಳನ್ನೂ ಚೈನನ್ನೂ ತೆಗೆಯಬೇಕು. ಚೈನು ತೆಗೆದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಮನಬಂದಂತೆ ತಿರುಗಿಸಬಾರದು. ಕೈಯಿಂದ ತಿರುಗಿಸಿದರೂ ವಾಲ್ವು ಪಿಸ್ಟನ್ನಿಗೆ ತಾಗಿ ಬಾಗಬಹುದು.

8. ಚೇಂಬರಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ, ಹಳೆಯ ಪ್ಯಾಕಿಂಗನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಚಕ್ಕೆಯಿಂದ ಕೆರೆಯಬೇಕು. ಗೈಡು ಒಡೆದಿದ್ದರೆ ಚೇಂಬರನ್ನು ಇಳಿಸಿ ಚೂರುಗಳನ್ನು ತೆಗೆಯದೆ ಬಿಡಬಾರದು. ಅವು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚುತ್ತವೆ. ಕವರಿನ ಒಳಮೈಯಲ್ಲಿ ಚೈನು ಉಜ್ಜಿದ ಗೀರು ಆಳವಾಗಿದ್ದರೆ ಕವರನ್ನೇ ಬದಲಿಸಬೇಕು.

9. ಹೊಸ ಚೈನಿನಲ್ಲಿ ಬಣ್ಣ ಬೇರೆಯಾದ ಕೆಲವು ಕೊಂಡಿಗಳಿರುತ್ತವೆ. ಇವನ್ನು ಎರಡೂ ಹಲ್ಲುಚಕ್ರಗಳ ಗುರುತಿಗೆ ಸರಿಯಾಗಿ ಕೂಡಿಸಬೇಕು. ಟೆನ್ಷನರ್ ಇಲ್ಲದ ಬದಿಯಲ್ಲಿ ಚೈನು ಸ್ವಲ್ಪವೂ ಜೋಲಬಾರದು. ಇರುವ ಸಡಿಲವೆಲ್ಲ ಟೆನ್ಷನರ್ ಬದಿಗೆ ಬರಬೇಕು. ಆಮೇಲೆ ಗೈಡು, ಟೆನ್ಷನರುಗಳನ್ನು ಬಿಗಿದು ಪಿನ್ನನ್ನು ಎಳೆಯಬೇಕು. ಡೀಸೆಲ್ ಪಂಪಿಗೂ ಇದೇ ಚೈನಿದ್ದರೆ ಅದರ ಗುರುತನ್ನೂ ಕೂಡಿಸಬೇಕು.

ಎರಡು ಸುತ್ತಿನ ಪರೀಕ್ಷೆ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದುದು ಈ ಹಂತ. ಕವರು ಮುಚ್ಚುವ ಮುನ್ನ, ಕ್ರ್ಯಾಂಕನ್ನು ಪಾನಾದಿಂದ ಓಡುವ ದಿಕ್ಕಿನಲ್ಲಿ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಬೇಕು. ವಾಲ್ವು ಪಿಸ್ಟನ್ನಿಗೆ ತಾಗಿರುವ ಸಂಭವವಿದೆ. ಎರಡು ಸುತ್ತು ಮುಗಿದಾಗ ಹಲ್ಲುಚಕ್ರಗಳ ಗುರುತುಗಳು ಮತ್ತೆ ಮೊದಲಿನ ಜಾಗಕ್ಕೆ ಬಂದಿರಬೇಕು. ಚೈನಿನ ಬಣ್ಣದ ಕೊಂಡಿಗಳು ಮಾತ್ರ ಬೇರೆ ಕಡೆಗೆ ಸರಿದಿರುತ್ತವೆ. ಚೈನಿನ ಕೊಂಡಿಗಳ ಸಂಖ್ಯೆಯೂ ಚಕ್ರದ ಹಲ್ಲುಗಳ ಸಂಖ್ಯೆಯೂ ಬೇರೆಬೇರೆಯಾದುದರಿಂದ ಇದು ಸಹಜ; ಗಾಬರಿಪಟ್ಟು ಬಿಚ್ಚಬೇಕಾಗಿಲ್ಲ.

ಒಂದು ಹಲ್ಲು ಹೆಚ್ಚುಕಡಿಮೆಯಾದರೆ ಏನಾಗುತ್ತದೆಂದು ಕೇಳಬಹುದು. ಉದಾಹರಣೆಗೆ ಕ್ಯಾಮಿನ ಚಕ್ರಕ್ಕೆ 36 ಹಲ್ಲುಗಳಿದ್ದರೆ ಒಂದು ಹಲ್ಲಿನ ತಪ್ಪು ಕ್ಯಾಮಿನಲ್ಲಿ 10 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 20 ಡಿಗ್ರಿಯಾಗುತ್ತದೆ. ಎಂಜಿನು ಚಾಲೂ ಆದರೂ ಹೇರು ಎಳೆಯುವುದಿಲ್ಲ. ಕೆಲವೇ ನಿಮಿಷ ಹಿಡಿಯುವ ಈ ಪರೀಕ್ಷೆಗೆ ಖರ್ಚೇನೂ ಇಲ್ಲ. ಮೆಕ್ಯಾನಿಕ್ಕು ಅವಸರದಲ್ಲಿದ್ದರೂ ರೈತರು ತಮ್ಮೆದುರಿಗೆ ಇದನ್ನು ಮಾಡಿಸಬೇಕು.

ಮುಚ್ಚುವುದು ಮತ್ತು ಚಾಲೂ ಮಾಡುವುದು

ಹೊಸ ಸೀಲು, ಪ್ಯಾಕಿಂಗು ಹಾಕಿ, ಕವರಿನ ಬೋಲ್ಟುಗಳನ್ನು ಒಂದೇ ಸಮನೆ ಬಿಗಿಯಬೇಕು. ಅಂಟನ್ನು ತೆಳುವಾಗಿ ಹಚ್ಚಬೇಕು. ಹೆಚ್ಚಾದುದು ಒಳಗೆ ಉದುರಿ ಆಯಿಲಿನ ದಾರಿಗೆ ಅಡ್ಡವಾಗುತ್ತದೆ. ಕ್ಯಾಮ್ ಮತ್ತು ಕ್ರ್ಯಾಂಕ್ ಬೋಲ್ಟುಗಳನ್ನು ಕಂಪನಿ ಹೇಳಿದ ಅಳತೆಗೆ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು.

ಹೊಸ ಆಯಿಲು, ಹೊಸ ಫಿಲ್ಟರು ಮತ್ತು ರೇಡಿಯೇಟರಿಗೆ ಕೂಲೆಂಟು ತುಂಬಬೇಕು. ಮೊದಲು ಇಂಧನ ತಡೆದು, ಎಂಜಿನು ಹೊತ್ತಿಕೊಳ್ಳದಂತೆ ಸ್ಟಾರ್ಟರನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಆಯಿಲಿನ ದೀಪ ಆರುವಂತೆ ಮಾಡಿ, ಅನಂತರ ಚಾಲೂ ಮಾಡಬೇಕು. ಟೆನ್ಷನರಿಗೆ ಆಯಿಲು ತುಂಬುವವರೆಗೆ ಕೆಲವು ಸೆಕೆಂಡು ಸದ್ದು ಬರಬಹುದು. ಅದು ನಿಲ್ಲದಿದ್ದರೆ ಎಂಜಿನನ್ನು ಕೂಡಲೇ ನಿಲ್ಲಿಸಿ ಕಾರಣ ಹುಡುಕಬೇಕು. ಮೊದಲ ಓಡಾಟವನ್ನು ಖಾಲಿ ವಾಹನದಲ್ಲಿ ಹತ್ತಿರದ ದಾರಿಯಲ್ಲಿ ಮಾಡಿ, ಸೋರಿಕೆಯನ್ನೂ ಆಯಿಲು, ಕೂಲೆಂಟಿನ ಮಟ್ಟವನ್ನೂ ನೋಡಿದ ಮೇಲೆ ಹೇರು ಹೇರಬೇಕು.

ಇಳಿಸಿದ ಹಳೆಯ ಆಯಿಲನ್ನು ಬದುವಿಗಾಗಲಿ ಕಾಲುವೆಗಾಗಲಿ ಸುರಿಯಬಾರದು. ಅದು ಮಣ್ಣನ್ನೂ ಬಾವಿಯ ನೀರನ್ನೂ ಕೆಡಿಸುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲ್ ಕೊಳ್ಳುವವರಿಗೆ ಒಪ್ಪಿಸಬೇಕು.

ಚೈನು ಹೆಚ್ಚು ಕಾಲ ಬಾಳಲು

ಆಯಿಲನ್ನು ಕೈಪಿಡಿ ಹೇಳಿದ ದರ್ಜೆಯದನ್ನೇ ಹಾಕಿ, ಹೇಳಿದ ಅವಧಿಗೆ ತಪ್ಪದೆ ಬದಲಿಸಬೇಕು. ಹೇರು ಮತ್ತು ಧೂಳು ಹೆಚ್ಚಿದ್ದರೆ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಕೊಟ್ಟಿರುವ ಕಡಿಮೆ ಅವಧಿಯನ್ನು ಅನುಸರಿಸಬೇಕು. ವಾರಕ್ಕೊಮ್ಮೆ ಕಡ್ಡಿಯಲ್ಲಿ ಆಯಿಲಿನ ಮಟ್ಟ ನೋಡಬೇಕು. ತಣ್ಣಗಿರುವ ಎಂಜಿನನ್ನು ಚಾಲೂ ಮಾಡಿದೊಡನೆ ಜೋರಾಗಿ ಓಡಿಸಬಾರದು. ಹಳೆಯ ವಾಹನ ಕೊಳ್ಳುವವರು ಎಂಜಿನು ತಣ್ಣಗಿರುವಾಗಲೇ ಹೋಗಿ, ಬಾನೆಟ್ ತೆರೆಸಿ, ಮೊದಲ ಸದ್ದನ್ನು ಕೇಳಬೇಕು. ಕಾದ ಎಂಜಿನು ಈ ದೋಷವನ್ನು ಮುಚ್ಚಿಡುತ್ತದೆ.

ಸುಗ್ಗಿಯ ಕಾಲದಲ್ಲಿ ವಾಹನ ಗ್ಯಾರೇಜು ಸೇರುವುದು ಯಾರಿಗೂ ಬೇಡ. ಆದುದರಿಂದ ಬೆಳಗಿನ ಗಲಗಲ ಸದ್ದು ಆರಂಭವಾಗಿದ್ದರೆ, ಕೊಯ್ಲಿಗೆ ಮುನ್ನ ಬಿಡುವಿರುವ ದಿನಗಳಲ್ಲಿಯೇ ಚೈನನ್ನು ಸೆಟ್ಟಾಗಿ ಬದಲಿಸಿಕೊಳ್ಳುವುದು ಉತ್ತಮ. ಆ ಖರ್ಚು ಎಂಜಿನನ್ನೂ ಉಳಿಸುತ್ತದೆ, ಪೇಟೆಗೆ ಹೊರಟ ಬೆಳೆಯನ್ನೂ ಉಳಿಸುತ್ತದೆ.